ದೆವ್ವ ಬರುವ ಮುಂಚಿನ ಬಿಡುವು

ಗುಮ್ಮಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು ಇಟ್ಟ ಹೆಸರನ್ನು ಹಿಡಿದು ಕೂಗಿದರೆ ಅವರು ತಿರುಗಿಯೂ ನೋಡುವುದಿಲ್ಲ, ಅಷ್ಟು ಹಳೆಯ ಮಾತಾಯಿತು ಅದು. ಸಿನಿಮಾ ಸ್ಟುಡಿಯೋದ ವಾದ್ಯಗಾರರಲ್ಲಿ ಹಿಂದಿನ ಸಾಲಿನ ಮೂಲೆ ಅವರದು. ಅಲ್ಲಿ ಆಳೆತ್ತರದ ಡಬಲ್ ಬಾಸ್ ತಬ್ಬಿಕೊಂಡು, ತಲೆಗೂದಲು ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೂ ಕಮಾನು ಎಳೆದರು. ಪಿಟೀಲಿನ ಮುತ್ತಜ್ಜ ಅನ್ನಬಹುದು ಆ ವಾದ್ಯವನ್ನು. ಪ್ರೇಮಗೀತೆಯಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ದೆವ್ವದ ಸಿನಿಮಾ ಬಂತೋ, ಸಂಗೀತ ನಿರ್ದೇಶಕರು ಒಳಗೆ ಬರುವಾಗಲೇ ಕೇಳುತ್ತಿದ್ದರು, "ನಮ್ಮ ಗುಮ್ಮ ಬಂದಿದಾನೇನ್ರೋ?" ಹಾಗೆ ಅಂಟಿದ ಹೆಸರು ಮೈಗೆ ಮಚ್ಚೆ ಅಂಟಿದ ಹಾಗೆ ಉಳಿದುಕೊಂಡಿತು.

ಇಷ್ಟು ದೆವ್ವಗಳಿಗೆ ದನಿ ಕೊಟ್ಟ ಮನುಷ್ಯ ಒಂದೇ ಒಂದು ದೆವ್ವದ ಸಿನಿಮಾ ನೋಡಿರಲಿಲ್ಲ ಅಂದರೆ ನಂಬುತ್ತೀರಾ? ನಂಬಲೇಬೇಕು. ಸ್ಟುಡಿಯೋದಲ್ಲಿ ಪರದೆ ಇರುತ್ತಿದ್ದದ್ದು ವಾದ್ಯಗಾರರ ಬೆನ್ನ ಹಿಂದೆ. ಅದನ್ನು ನೋಡುವ ಭಾಗ್ಯ ಎದುರು ನಿಂತ ನಿರ್ದೇಶಕರಿಗೆ ಮಾತ್ರ. ಇವರ ಪಾಲಿಗೆ ಸ್ವರ ಬರೆದ ಹಾಳೆ, ನಿರ್ದೇಶಕರ ಎತ್ತಿದ ಕೈ, ಇಷ್ಟೇ. ಸಿನಿಮಾದ ಹೆಸರೂ ಗೊತ್ತಿರುತ್ತಿರಲಿಲ್ಲ. ಸಿನಿಮಾ ಟಾಕೀಸಿಗೆ ಬರುವ ಹೊತ್ತಿಗೆ ಇವರು ಇನ್ನೊಂದು ದೆವ್ವಕ್ಕೆ ಕಮಾನು ಎಳೆಯುತ್ತಿರುತ್ತಿದ್ದರು. ಅಕ್ಕಸಾಲಿಗ ಮಾಡಿದ ಸರವನ್ನು ಅಕ್ಕಸಾಲಿಗನೇ ಹಾಕಿಕೊಳ್ಳುತ್ತಾನೆಯೇ?

ಅವರ ಹೆಂಡತಿಯದು ಇದರ ಉಲ್ಟಾ. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಬಿಗಿ ಮಾಡಿ ಸಡಿಲ ಮಾಡಿ ಕೊಡುವ ಕೆಲಸ ಆಕೆಯದು. ಟಿವಿಯಲ್ಲಿ ದೆವ್ವದ ಸಿನಿಮಾ ಬಂದರೆ ಹಸಿವೆ ನಿದ್ದೆ ಬೇಡ. ಆದರೆ ನೋಡುವುದು ಸದ್ದು ತೆಗೆದು. "ದೆವ್ವಕ್ಕೆ ನಾನು ಹೆದರಲ್ಲ ಕಣ್ರೀ, ನಿಮ್ಮ ಗುಮ್ಮನ ಸದ್ದಿಗೆ ಹೆದರ್ತೀನಿ" ಅನ್ನುತ್ತಿದ್ದಳು. ಹೀಗೆ ಸದ್ದು ತೆಗೆದು ತೆಗೆದು ರಿಮೋಟಿನ ಆ ಒಂದು ಗುಂಡಿಯ ಮೇಲಿದ್ದ ಚಿತ್ರ ಸವೆದು ನುಣ್ಣಗಾಗಿತ್ತು. ಚಿಕ್ಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪರದೆ ನೋಡುತ್ತ ಆಕೆ ಹೇಳುವುದು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಗುಮ್ಮಣ್ಣ ಉತ್ತರ ಕೊಡುವುದು.

"ಈಗ ಅವಳು ಮೆಟ್ಟಿಲು ಇಳೀತಿದಾಳೆ ರೀ."

"ಕೈಯಲ್ಲಿ ದೀಪ ಇದೆಯಾ?"

"ಇದೆ. ಆರೋ ಹಾಗಿದೆ."

"ಹಾಗಾದ್ರೆ ಅದೇ. ಅಲ್ಲಿ ನಾನು ಕಮಾನು ಎಳೀತಾ ಎಳೀತಾ ಬಿರಡೆ ಸಡಿಲ ಮಾಡ್ತೀನಿ. ತಂತಿ ಸಡಿಲ ಆದಷ್ಟೂ ದನಿ ಪಾತಾಳಕ್ಕೆ ಇಳಿಯುತ್ತೆ."

"ಹೇಳ್ಬೇಡ್ರೀ, ಸದ್ದು ತೆಗೆದಿದ್ದು ಯಾಕೆ ಮತ್ತೆ?"

ಕಣ್ಣು ಆಕೆಯದು, ಕಿವಿ ಇವರದು. ಇಬ್ಬರೂ ಸೇರಿ ಒಂದು ಸಿನಿಮಾ. ಬಿಡಿ, ಎಷ್ಟೋ ಸಂಸಾರಗಳಲ್ಲಿ ಅಷ್ಟೂ ಇರುವುದಿಲ್ಲ.

ಇನ್ನು ಬಿಡುವಿನ ಮಾತು. ನಮ್ಮ ನಿಮ್ಮ ಬಾಯಲ್ಲಿ ಬಿಡುವು ಅಂದರೆ ಕೈಕಾಲು ಚಾಚಿ ಕೂರುವುದು. ವಾದ್ಯಗಾರರಲ್ಲಿ ಹಾಗಲ್ಲ. ಹಾಳೆಯಲ್ಲಿ ನಿಮ್ಮ ಪಾಲಿಗೆ ಸ್ವರವಿಲ್ಲದ ಜಾಗ ಬಿಡುವು; ಅಲ್ಲಿ ನೀವು ನುಡಿಸದೆ ಎಣಿಸುತ್ತ ನಿಲ್ಲಬೇಕು. ಎಣಿಕೆ ತಪ್ಪಿದರೆ ಸಂತೆಯಲ್ಲಿ ಬಟ್ಟೆ ಬಿಚ್ಚಿಕೊಂಡವನ ಗತಿ, ಎಲ್ಲರೂ ಸುಮ್ಮನಿರುವಾಗ ನೀವೊಬ್ಬರೇ ಗುಂಯ್ ಅನ್ನುತ್ತೀರಿ. ಗುಮ್ಮಣ್ಣ ವಾದ್ಯದ ಮರದ ಮೇಲೆ ಬಲಗೈ ಬೆರಳುಗಳನ್ನು ಸದ್ದಾಗದಂತೆ ಒಂದಾದ ಮೇಲೊಂದು ಇಟ್ಟು ಎಣಿಸುತ್ತಿದ್ದರು. ನಿರ್ದೇಶಕರು ಹೊಸಬರಿಗೆ ಇವರನ್ನೇ ತೋರಿಸುತ್ತಿದ್ದರು: "ನುಡಿಸೋದು ಯಾವನಾದ್ರೂ ನುಡಿಸ್ತಾನೆ. ಸುಮ್ನಿರೋದು ಹೇಗೆ ಅಂತ ಗುಮ್ಮನ್ನ ನೋಡಿ ಕಲೀರಿ." ಇನ್ನೊಂದು ಕಟ್ಟಳೆ ಇತ್ತು. ನಿರ್ದೇಶಕರ ಎತ್ತಿದ ಕೈ ಕೆಳಗೆ ಇಳಿಯುವವರೆಗೂ ತುಣುಕು ಮುಗಿದಂತಲ್ಲ. ಕೆಮ್ಮುವಂತಿಲ್ಲ, ಕೆರೆದುಕೊಳ್ಳುವಂತಿಲ್ಲ, ಎಣಿಕೆ ಬಿಡುವಂತಿಲ್ಲ. ರಜೆಯಲ್ಲಿ ಸ್ಟುಡಿಯೋಕ್ಕೆ ಹೋದಾಗೆಲ್ಲ ಮಗಳು ಕೂಡ ಬಾಗಿಲ ಬಳಿ ಮೂಗು ಹಿಡಿದುಕೊಂಡು ನಿಂತಿರುತ್ತಿದ್ದಳು, ಕೈ ಇಳಿಯುವವರೆಗೆ.

ಕಾಲ ಸರಿಯಿತು. ಸ್ಟುಡಿಯೋದವರು ಒಂದು ಕೀಬೋರ್ಡ್ ತಂದು ಹಿಂದಿನ ಸಾಲನ್ನೆಲ್ಲ ಮನೆಗೆ ಕಳಿಸಿದರು. ಡಬಲ್ ಬಾಸ್ ಮನೆಯ ನಡುಕೋಣೆಗೆ ಬಂತು. ಅದರ ಕುತ್ತಿಗೆಗೆ ಹೆಂಡತಿ ಟವೆಲ್ ನೇತು ಹಾಕಿದಳು, ಮಗಳು ಮದುವೆಯಾಗಿ ನಾಲ್ಕು ಬೀದಿ ಆಚೆ ಹೋದಳು. ಆಮೇಲೆ ಹೆಂಡತಿಯ ಎದೆಯಲ್ಲಿ ನೀರು ತುಂಬಿಕೊಂಡಿತು.

ಆಸ್ಪತ್ರೆಯ ಆ ಬೆಳಗ್ಗೆ ಮಂಚದ ಈಚೆ ಗುಮ್ಮಣ್ಣ, ಆಚೆ ಮಗಳು. ಆಕೆಯ ಉಸಿರು ಬರುವುದು, ನಿಲ್ಲುವುದು, ಮತ್ತೆ ಬರುವುದು. ಕಿಟಕಿಯಾಚೆ ಯಾರೋ ಬಕೆಟ್ ಎಳೆಯುತ್ತಿದ್ದರು. ಒಂದು ಸಲ ನಿಂತದ್ದು ಬರಲಿಲ್ಲ. ನರ್ಸ್ ಬಂದು ನೋಡಿ, ಹೊದಿಕೆಯನ್ನು ಮೇಲಕ್ಕೆಳೆದಳು. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ತಲೆಯೆತ್ತಿ ನೋಡಿದರೆ, ಅಪ್ಪನ ಬಲಗೈ ಬೆರಳುಗಳು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಒಂದಾದ ಮೇಲೊಂದು ಆಡುತ್ತಿದ್ದವು. ಕಣ್ಣು ಒಣಗಿತ್ತು. ಹೊರಗೆ ಬಂದ ಮೇಲೆ ಅವಳು ಕೇಳಿಯೇಬಿಟ್ಟಳು.

"ಅಮ್ಮ ಹೋಗ್ತಿದ್ರೆ ನೀವು ತಾಳ ಹಾಕ್ತಾ ಕೂತಿದ್ರಿ ಅಲ್ವಾ?"

ಹುಟ್ಟಿದಾಗಿನಿಂದ ಅಪ್ಪನಿಗೆ ನೀನು ಅಂದವಳು ಅವಳು. ಆವತ್ತು ನೀವು ಅಂದಳು. ನಮ್ಮ ಭಾಷೆಯಲ್ಲಿ ಬೈಗುಳಕ್ಕೇನು ಬರವೇ? ಆದರೆ ಹೆತ್ತ ಮಗಳ ಬಾಯಿಂದ ಬರುವ ಬಹುವಚನಕ್ಕೆ ಯಾವ ಬೈಗುಳವೂ ಸಮ ಇಲ್ಲ. ಗುಮ್ಮಣ್ಣನಿಗೆ ಅದು ಕೇಳಿಸಿತು, ತಾಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡವನು ಕೆನ್ನೆ ಚಿವುಟಿ ನೋಡಿಕೊಂಡಂತೆ ಇತ್ತು. ಕೆನ್ನೆ ಇದೆ, ಚಿವುಟಿದ್ದೂ ಹೌದು, ಅಷ್ಟೇ.

ಅದರ ಮೇಲೆ ದಿನಗಳು ಹೋದವು. ನಾದಿನಿ ಬಂದು ಕಲ್ಲು ಮನಸ್ಸಿನವರು ಎಂದು ಇವರ ಕಿವಿಗೆ ಬೀಳುವಂತೆ ಹೇಳಿ ಹೋದಳು. ಅಳು ಅಂದರೆ ನಲ್ಲಿ ನೀರೇನಮ್ಮ, ತಿರುಗಿಸಿದ ಕೂಡಲೇ ಸುರಿಯುವುದಕ್ಕೆ? ಇವರೇನು ಬೇಡ ಅಂದಿದ್ದರೇ? ಒಂದು ಮಧ್ಯಾಹ್ನ ಹೆಂಡತಿಯ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಕಾದರು. ಸೋಪಿನ ವಾಸನೆ ಬಂತು, ಬೇರೇನೂ ಬರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದ ಮೇಲೆ ಸುಟ್ಟಿತೆಂದು ತಿಳಿದರು. ಒಂದೊಂದು ಕಾಲಿಗೆ ಒಂದೊಂದು ಜೊತೆಯ ಚಪ್ಪಲಿ ಹಾಕಿಕೊಂಡು ತಿರುಗಿದರು. ಒಂದು ಕರಿಯದು, ಒಂದು ಕಂದು. ಅದನ್ನು ಲಿಫ್ಟಿನವನು ತೋರಿಸಿದಾಗ ನೋಡಿಕೊಂಡು, "ಎರಡೂ ನನ್ನವೇ" ಎಂದು ಮುಂದೆ ನಡೆದರು. ಮಗಳಿಗೆ ಫೋನ್ ಮಾಡಿದರೆ ಅಳಿಯ ಎತ್ತುತ್ತಿದ್ದ. "ಕೆಲಸದಲ್ಲಿದಾಳೆ ಮಾವ" ಅನ್ನುತ್ತಿದ್ದ. ಪಾಪ, ಎತ್ತ ಕಡೆಯೂ ವಾಲಲಾರದ ಪ್ರಾಣಿ. ಮಗಳೂ ಕೈಬಿಟ್ಟರೆ ಈ ಲೋಕದಲ್ಲಿ ತನ್ನವರೆಂದು ಯಾರೂ ಇಲ್ಲ ಎಂಬುದು ಗುಮ್ಮಣ್ಣನಿಗೆ ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೆ ಹೆದರಬೇಕೆಂದೂ ಗೊತ್ತಿತ್ತು. ಹೆದರಿಕೆಯೂ ಬರಲಿಲ್ಲ.

ಹೀಗಿರುವಾಗ ರೇಡಿಯೋ ಕೇಂದ್ರದಿಂದ ಕರೆ ಬಂತು. ದೆವ್ವದ ಸಿನಿಮಾಗಳ ಮೆಚ್ಚಿನ ಸಂಗೀತದ ಮೇಲೆ ಅವರದೊಂದು ಕಾರ್ಯಕ್ರಮ. ಹಳೆಯ ವಾದ್ಯಗಾರರು ಬಂದು ತಮಗೆ ಇಷ್ಟವಾದ ತುಣುಕು ಹೇಳಬೇಕು, ಅದನ್ನು ಹಾಕುತ್ತಾರೆ. ಗುಮ್ಮಣ್ಣ ಹೋದರು. ಗೋಡೆಗೆಲ್ಲ ಸ್ಪಂಜು ಹೊಡೆದ ಚಿಕ್ಕ ಕೋಣೆ. ನಿರೂಪಕಿ ಚುರುಕು ಹೆಣ್ಣು, ಒಂದು ಮಾತಿಗೆ ಮೂರು ಮಾತು.

ಮೊದಲು ಮೆಟ್ಟಿಲಿನ ಚಿತ್ರದ ತುಣುಕು ಹಾಕಿದಳು. ಬಿರಡೆ ಸಡಿಲಿಸಿದ ಕಥೆಯನ್ನು ಗುಮ್ಮಣ್ಣ ಹೇಳಿದರು. ಆಮೇಲೆ ಗೊಂಬೆಯ ಚಿತ್ರ. ಅದರಲ್ಲಿ ಕಮಾನನ್ನು ಮಗುಚಿ ಅದರ ಕಡ್ಡಿಯಿಂದ ತಂತಿಗೆ ಬಡಿದದ್ದು, ಕೇಳಿದವರು ಯಾರೋ ಹಲ್ಲು ಕಡಿಯುತ್ತಿದ್ದಾರೆ ಅಂದುಕೊಂಡದ್ದು. ನಿರೂಪಕಿ ಮೈ ಜುಮ್ಮೆಂದಿತು ಅಂದಳು. ಇವರಿಗೆ ತಮ್ಮದೇ ವಾದ್ಯ ಪಕ್ಕದ ಮನೆಯ ಮಿಕ್ಸಿಯಂತೆ ಕೇಳಿಸುತ್ತಿತ್ತು.

"ಎಲ್ಲಕ್ಕಿಂತ ಇಷ್ಟವಾದ್ದು ಯಾವ್ದು ಸರ್?"

"ಬಾವಿ ಚಿತ್ರ. ಹಗ್ಗ ಸೇದೋ ಜಾಗ ಅಂತ ಹಾಳೇಲಿ ಬರೆದಿತ್ತು."

ಹುಡುಕಿ ಹಾಕಿದಳು. ಪಿಟೀಲುಗಳು ಏರಿ ಏರಿ ಹೋಗಿ ಫಕ್ಕನೆ ನಿಂತವು. ಕೋಣೆ ಸ್ತಬ್ಧ. ಅವಳು ಕಿವಿಯ ಹೆಡ್‌ಫೋನ್ ಒತ್ತಿ ನೋಡಿದಳು, ಗುಂಡಿ ತಿರುಗಿಸಿ ನೋಡಿದಳು.

"ಏನೂ ಕೇಳಿಸ್ತಿಲ್ವಲ್ಲ ಸರ್."

"ಅದೇ. ನನಗೆ ಇಷ್ಟವಾದ್ದು ಆ ಬಿಡುವು."

"ಅಯ್ಯೋ, ರೇಡಿಯೋದಲ್ಲಿ ಇಷ್ಟು ಹೊತ್ತು ಸುಮ್ನಿದ್ರೆ ಕರೆಂಟ್ ಹೋಯ್ತು ಅಂದ್ಕೋತಾರೆ ಸರ್. ಆ ಹೊತ್ತಿಗೆ ಪರದೆ ಮೇಲೆ ಏನಾಗ್ತಿದೆ ಅಂತ ಹೇಳಿಬಿಡಿ, ಅದನ್ನ ಮೇಲಿಂದ ಸೇರಿಸ್ತೀನಿ."

"ನನಗೆ ಗೊತ್ತಿಲ್ಲಮ್ಮ. ನೋಡಿಲ್ಲ. ಹೆಂಡತಿಗೆ ಗೊತ್ತು."

"ಹಾಗಾದ್ರೆ ಅವರನ್ನೇ ಕೇಳಿ ಹೇಳಿ."

"ಅವಳಿಗೆ ಬಿಡುವಿಲ್ಲ" ಅಂದರು ಗುಮ್ಮಣ್ಣ. ಬಾಯಿಗೆ ಬಂದದ್ದು ಅಷ್ಟೇ. ಆಮೇಲೆ, "ಮಗಳಿಗೂ ಗೊತ್ತಿರಬೇಕು" ಎಂದರು.

ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವವಳು. ಮಾರನೆಯ ದಿನ ಗುಮ್ಮಣ್ಣ ಅಲ್ಲಿಗೇ ಹೋಗಿ ನಿಂತರು. ಅರೆಯುವ ಯಂತ್ರದಿಂದ ಬೆಳ್ಳನೆಯ ನೀರು ಸುರಿಯುತ್ತಿತ್ತು. ಅವಳು ತಲೆಯೆತ್ತಿ ನೋಡಿ, ಯಂತ್ರ ಆರಿಸದೆ ಕೇಳಿದಳು.

"ಕನ್ನಡಕ ಬೇಕಾಗಿತ್ತಾ?"

"ಇಲ್ಲ. ಬಾವಿ ಚಿತ್ರದಲ್ಲಿ ಸಂಗೀತ ನಿಂತಾಗ ಏನು ಕಾಣುತ್ತೆ ಅಂತ ಕೇಳೋಣ ಅಂತ ಬಂದೆ. ರೇಡಿಯೋದವರಿಗೆ ಬೇಕಂತೆ."

ಹೇಳಿ ಕೇಳಿ ಇಷ್ಟು ದಿನದ ಮೇಲೆ ಮುಖ ನೋಡಿದ ಮಗಳ ಹತ್ತಿರ ಆಡುವ ಮಾತೇ ಅದು? ಗಾಯದ ಮೇಲೆ ಬರೆ ಎಳೆದಂತಾಯಿತು. ಮಗಳು ಯಂತ್ರ ಆರಿಸಿದಳು.

"ಅಮ್ಮ ಇಲ್ಲ ಅನ್ನೋದು ನಿಮಗೆ ಗೊತ್ತಾಗಿದೆಯಾ? ಇದಕ್ಕೋಸ್ಕರ ಬಂದ್ರಾ ಇಲ್ಲಿವರೆಗೆ?"

ಅವಳು ಕೈ ಒರೆಸಿಕೊಂಡಳು.

"ಅಮ್ಮನ ಕತ್ತರಿ ನಿಮ್ಮ ಮನೇಲಿದೆ. ಭಾನುವಾರ ಬಂದು ತಗೊಂಡು ಹೋಗ್ತೀನಿ. ಅದೊಂದು ಸಿಕ್ಕಿದ್ರೆ ಆ ಮನೆಗೆ ಬರೋ ಕೆಲಸ ನನಗೆ ಇರಲ್ಲ."

"ಆಯ್ತು" ಅಂದರು ಗುಮ್ಮಣ್ಣ. ದಾರಿಯಲ್ಲಿ ಬರುತ್ತ ಯೋಚಿಸಿದರು. ಕತ್ತರಿಯನ್ನು ಬಚ್ಚಿಟ್ಟು ಸಿಗಲಿಲ್ಲ ಅನ್ನಬಹುದಿತ್ತು. ಎದೆಯಲ್ಲಿ ಜೀವವಿದ್ದ ತಂದೆ ಹಾಗೆ ಮಾಡುತ್ತಿದ್ದ. ಇವರು ಮನೆಗೆ ಬಂದು, ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದು, ಧೂಳು ಒರೆಸಿ, ಬಂದವಳ ಕಣ್ಣಿಗೆ ಬೀಳಲಿ ಎಂದು ಬಾಗಿಲ ಬಳಿಯ ಮೇಜಿನ ಮೇಲಿಟ್ಟರು.

ಭಾನುವಾರ ಮಧ್ಯಾಹ್ನ ಅವಳು ಬಂದಳು. ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತಳು. ಮೇಜಿನ ಮೇಲಿನ ಕತ್ತರಿ ನೋಡಿದಳು. ಅದನ್ನು ಎತ್ತಿಕೊಂಡು ಹೋಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕತ್ತರಿಯ ಪಕ್ಕದಲ್ಲೇ ರಿಮೋಟ್ ಇತ್ತು. ನುಣ್ಣಗಾದ ಗುಂಡಿಯ ಮೇಲೆ ಅವಳ ಹೆಬ್ಬೆರಳು ತಾನಾಗಿ ಹೋಗಿ ಕುಳಿತಿತು. ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಅದೊಂದು ದೃಶ್ಯ ತೋರಿಸಿ ಹೋಗ್ತೀನಿ. ನನ್ನನ್ನ ಕೇಳೋದಲ್ಲ, ನೀವೇ ನೋಡಿ ರೇಡಿಯೋದವರಿಗೆ ಹೇಳ್ಕೊಳಿ."

ಟಿವಿಯಲ್ಲಿ ಬಾವಿ ಚಿತ್ರ ಹುಡುಕಿ, ಬೇಕಾದ ಜಾಗಕ್ಕೆ ಓಡಿಸಿದಳು. ಇಬ್ಬರೂ ಸೋಫಾದಲ್ಲಿ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಪರದೆಯ ಮೇಲೆ ಒಬ್ಬ ಹೆಂಗಸು ಬಾವಿಗೆ ಬಗ್ಗಿ ಹಗ್ಗ ಸೇದುತ್ತಿದ್ದಳು. ಪಿಟೀಲುಗಳು ಏರಿದವು. ನಿಂತವು. ಹಗ್ಗ ಬರುತ್ತಲೇ ಇತ್ತು, ಸದ್ದಿಲ್ಲ.

ಸಿನಿಮಾ ಫಕ್ಕನೆ ನಿಂತಿತು. ನಿಲ್ಲಿಸಿದ್ದು ಮಗಳು. ಅವಳು ನೋಡುತ್ತಿದ್ದದ್ದು ಪರದೆಯನ್ನಲ್ಲ, ಅಪ್ಪನ ಬಲಗೈಯನ್ನು.

"ಮತ್ತೆ ಅದೇ" ಅಂದಳು. "ಆವತ್ತೂ ಹೀಗೇ ಬೆರಳಾಡಿಸ್ತಿದ್ರಿ."

ಗುಮ್ಮಣ್ಣ ಸೋಫಾದ ಹಿಡಿಯ ಮೇಲಿದ್ದ ತಮ್ಮ ಬೆರಳುಗಳನ್ನು ನೋಡಿದರು. ಅವು ಆಡುತ್ತಿವೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

"ಎಣಿಸ್ತಿದೀನಿ. ಬಿಡುವು ಬಂತಲ್ಲ."

"ಆವತ್ತು ಏನನ್ನ ಎಣಿಸ್ತಿದ್ರಿ?"

ಗುಮ್ಮಣ್ಣ ಯೋಚಿಸಿದರು. ಬೇರೆ ಯಾರೂ ಇದನ್ನು ಕೇಳಿರಲಿಲ್ಲ, ತಾವೂ ಕೇಳಿಕೊಂಡಿರಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ದಾರಿಹೋಕರಿಗೆ ಹೇಳುವ ದನಿಯಲ್ಲಿ ಹೇಳಿದರು.

"ನಿಮ್ಮಮ್ಮನ ಉಸಿರು ನಿಂತು ನಿಂತು ಬರ್ತಿತ್ತಲ್ಲ. ನಿಂತಾಗೆಲ್ಲ ಎಣಿಸ್ತಿದ್ದೆ. ಎಣಿಸ್ತಾ ಇದ್ರೆ ಮತ್ತೆ ಬರುತ್ತೆ. ಬರ್ತಾನೂ ಇತ್ತು."

ಮಗಳು ಅವರ ಕಡೆಗೆ ತಿರುಗಿ ಕೂತಳು.

"ಆಮೇಲೆ ಒಂದು ಸಲ ಬರ್ಲಿಲ್ಲ. ನಾನು ಎಣಿಸೋದು ಬಿಡ್ಲಿಲ್ಲ. ಇನ್ನೂ ಬಿಟ್ಟಿಲ್ಲ ಅಂತ ಕಾಣುತ್ತೆ. ಯಾರೂ ಕೈ ಇಳಿಸ್ಲಿಲ್ಲ ನೋಡು."

ಕೈ ಇಳಿಸುವುದೆಂದರೇನು ಎಂದು ಆ ಮನೆಯಲ್ಲಿ ಬೆಳೆದವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಮೂಗು ಹಿಡಿದು ಬಾಗಿಲ ಬಳಿ ನಿಂತವಳಲ್ಲವೇ ಅವಳು. ಅವಳ ಕಣ್ಣಿಂದ ನೀರು ಇಳಿಯಿತು. ಸಿಟ್ಟಿನಲ್ಲಿ ಇಷ್ಟು ದಿನ ಏನೇನು ಅಂದುಕೊಂಡಿದ್ದಳೋ ಅದೆಲ್ಲ ನೆನಪಾಗಿ ತನ್ನ ಮೇಲೆಯೇ ಹೇಸಿಗೆಯಾಯಿತು.

"ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲಪ್ಪ ನೀನು?"

"ಗೊತ್ತಿದ್ರೆ ತಾನೇ ಹೇಳೋದು."

ನೀನು ಅಂದದ್ದು ಅವಳಿಗೇ ಗೊತ್ತಾಗಲಿಲ್ಲ. ಗುಮ್ಮಣ್ಣನ ಕಿವಿ, ಎಷ್ಟಾದರೂ ಕಸುಬಿನ ಕಿವಿ, ಅದು ಹಿಡಿಯಿತು. ಎಲ್ಲೋ ದೂರದಲ್ಲಿ, ಜೋಮು ಹಿಡಿದ ಕಾಲಿಗೆ ಮೊದಲ ಇರುವೆ ಕಚ್ಚಿದಷ್ಟು ತಾಗಿತು.

ಅವಳು ಖಾಲಿ ಜಾಗಕ್ಕೆ ಸರಿದು ಕೂತಳು. ಅಪ್ಪನ ಬಲಗೈಯನ್ನು ಎತ್ತಿ, ನಿಧಾನವಾಗಿ ಕೆಳಗೆ ಇಳಿಸಿ, ತನ್ನ ತೊಡೆಯ ಮೇಲಿಟ್ಟು, ಬೆರಳು ಐದನ್ನೂ ತನ್ನ ಮುಷ್ಟಿಯೊಳಗೆ ಮುಚ್ಚಿದಳು.

"ಮುಗೀತಪ್ಪ. ಇನ್ನು ಎಣಿಸ್ಬೇಡ."

"ತಪ್ಪಾಗುತ್ತೆ."

"ಆಗ್ಲಿ ಬಿಡು."

ಸಿನಿಮಾವನ್ನು ಹಿಂದಕ್ಕೆ ತಂದು ಮತ್ತೆ ಬಿಟ್ಟಳು. ಪಿಟೀಲುಗಳು ಏರಿದವು, ನಿಂತವು. ಗುಮ್ಮಣ್ಣನ ಬೆರಳುಗಳು ಮುಷ್ಟಿಯೊಳಗೆ ಮಿಸುಕಿದವು, ಅವಳು ಬಿಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಎಣಿಕೆಯಿಲ್ಲದೆ ಅವರು ಒಂದು ಬಿಡುವಿನಲ್ಲಿ ಕೂತರು. ಹಗ್ಗ ಒದ್ದೆಯಾಗಿತ್ತು. ಹೆಂಗಸಿನ ಕೈ ಕೆಂಪಾಗಿತ್ತು. ಸೇದಿದಷ್ಟೂ ಹಗ್ಗ ಭಾರವಾಗುತ್ತಿತ್ತು, ಆದರೆ ಬಿಂದಿಗೆ ಇನ್ನೂ ಕಾಣದು. ಇದು ಯಾವಾಗ ಮುಗಿಯುತ್ತದೆ? ಅವರಿಗೆ ಗೊತ್ತಿರಲಿಲ್ಲ. ಮುಗಿಯುತ್ತದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಆಗ ಕೆಳಗಿನಿಂದ, ಬಾವಿಯ ತಳದಿಂದ, ಅವರದೇ ಕಮಾನು ಅವರದೇ ತಂತಿಯ ಮೇಲೆ ಬಿತ್ತು.

ಗುಮ್ಮಣ್ಣ ಬೆಚ್ಚಿಬಿದ್ದರು. ಅಯ್ಯೋ ಎಂದು ಕೂಗಿ ಮಗಳ ತೋಳನ್ನು ಎರಡೂ ಕೈಯಿಂದ ಹಿಡಿದರು. ಎಷ್ಟೋ ಕಾಲದಿಂದ ಊರಿಗೆಲ್ಲ ಹಂಚಿದ ಹೆದರಿಕೆ ಅದು, ತಯಾರಿಸಿದವನಿಗೆ ಇವತ್ತು ಸಿಕ್ಕಿತು. ಮುಚ್ಚಿದ್ದ ಬಾಗಿಲನ್ನು ಹೆದರಿಕೆ ತೆರೆದಿತ್ತು. ಅದರ ಬೆನ್ನಿಗೇ ಉಳಿದದ್ದೂ ನುಗ್ಗಿತು. ಆಕೆ ಇಲ್ಲ, ಆಸ್ಪತ್ರೆಯ ಆ ಉಸಿರು ಮತ್ತೆ ಬರುವುದಿಲ್ಲ, ಇನ್ನು ಅಡುಗೆಮನೆಗೆ ಯಾರೂ ಸಿನಿಮಾ ಹೇಳುವುದಿಲ್ಲ.

"ಸದ್ದು ತೆಗಿ ಮಗಳೇ" ಅಂದರು. "ನಿಮ್ಮಮ್ಮ ಪಾಪ ಎಷ್ಟು ಹೆದರ್ತಿದ್ಲು, ನಾನು ತಮಾಷೆ ಅಂದ್ಕೊಂಡಿದ್ದೆ. ಸದ್ದು ತೆಗಿ."

ಮಗಳು ನುಣ್ಣನೆಯ ಗುಂಡಿ ಒತ್ತಿದಳು. ಪರದೆಯ ಮೇಲೆ ಬಾವಿಯ ದೆವ್ವ ಬಾಯಿ ತೆರೆದು ಕಿರುಚುತ್ತಿತ್ತು, ಸದ್ದಿರಲಿಲ್ಲ. ಕೋಣೆಯಲ್ಲಿ ಕೇಳುತ್ತಿದ್ದದ್ದು ಗುಮ್ಮಣ್ಣ ಅಳುವ ಸದ್ದು ಮಾತ್ರ. ಹೊಸದಾಗಿ ಕಲಿತವರು ಕಮಾನು ಎಳೆದ ಹಾಗೆ, ಒರಟಾಗಿ, ಎಲ್ಲೆಂದರಲ್ಲಿ ಒಡೆಯುತ್ತ, ಯಾವ ಲೆಕ್ಕಕ್ಕೂ ಸಿಗದೆ ಅದು ಬಹಳ ಹೊತ್ತು ನಡೆಯಿತು. ಅವಳು ಕೈ ಬಿಡಲಿಲ್ಲ.

ಸಂಜೆ ಹೊರಟಾಗ ಬಾಗಿಲವರೆಗೆ ಬಂದ ಗುಮ್ಮಣ್ಣ, "ಕತ್ತರಿ ಮರೀತಿದೀಯ" ಅಂದರು.

ಮಗಳು ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲೇ ಅಪ್ಪನವು, ಒಂದು ಕರಿಯದು, ಒಂದು ಕಂದು. "ಅಲ್ಲೇ ಇರ್ಲಿ" ಅಂದಳು. "ನೀನು ಮೊದಲು ಆ ಚಪ್ಪಲಿ ಜೊತೆ ಸರಿ ಮಾಡ್ಕೋ."